ಅತ್ತಿ ಪಾರ್ಟಿನ ಅಕ್ಕೋರು

ಅಕ್ಕೋರ ವಾಚು ಎಡಗೈಯಲ್ಲಿತ್ತೋ ಬಲಗೈಯಲ್ಲಿತ್ತೋ ನನಗೆ ಖಚಿತವಿಲ್ಲ. ಬಲಗೈ ಎಂದು ನನ್ನ ನೆನಪು, ಎಡಗೈ ಎಂದು ಕಾಕಿಯ ನೆನಪು. ಹಣೆಯಲ್ಲಿ ಸಣ್ಣದೊಂದು ಕಪ್ಪು ಟಿಕಳಿ ಇರುತ್ತಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಹಾಗೆ ಆಣೆ ಮಾಡಿ ಹೇಳಬಲ್ಲೆ ಅನ್ನಿಸಿದ ಎಷ್ಟೋ ಸಂಗತಿಗಳು ಆಮೇಲೆ ಸುಳ್ಳಾಗಿವೆ. ಕಲಬುರಗಿಯಲ್ಲಿ ಇತಿಹಾಸದ ಎಂ.ಎ. ಓದುವಾಗ, ಕಣ್ಣಾರೆ ಕಂಡೆ ಎನ್ನುವವರ ಮಾತನ್ನೇ ಮೊದಲು ಅನುಮಾನಿಸಬೇಕು ಎಂದು ಕಲಿಸಿದ್ದರು. ಅದನ್ನು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದಿದ್ದೆ. ಒಂದು ದಿನ ಆ ಮಾತು ನನಗೇ ತಗಲುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಡೈರಿ ಬರೆಯುವ ಚಟ ನನಗೆ ಕಾಲೇಜಿನ ದಿನಗಳಿಂದಲೂ ಇದೆ. ಹಾಗಾಗಿ ಹೋದ ತಿಂಗಳು ಅಕ್ಕೋರು ತೀರಿಕೊಂಡ ಸುದ್ದಿ ಬಂದಾಗ ಹಳೆಯ ಡೈರಿ ತೆಗೆದೆ. ಅವರ ಬಗ್ಗೆ ಪುಟಗಟ್ಟಲೆ ಬರೆದಿರಬೇಕಿದ್ದ ದಿನದಲ್ಲಿ ಸಿಕ್ಕಿದ್ದು ಒಂದೇ ಸಾಲು: 'ಹೋಳಿಗೆ ಬಹಳ ಉಳಿದವು, ಓಣಿಗೆಲ್ಲ ಹಂಚಿದೆವು.' ಆ ವಯಸ್ಸಿನ ನನಗೆ ಅಂದು ಕಂಡ ದೊಡ್ಡ ಸಂಗತಿ ಹೋಳಿಗೆ. ಇನ್ನು ಉಳಿದದ್ದು ನೆನಪಿನಿಂದಲೇ ಬರೆಯಬೇಕು.

ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಇವರು ಶಾಲೆಯವರಲ್ಲ, ದವಾಖಾನೆಯವರು. ಬಹಳ ವರ್ಷ ನರ್ಸಾಗಿ ಹೆರಿಗೆ ಮಾಡಿಸಿದವರು. ಆಮೇಲೆ ಶಹಾಪುರದಲ್ಲಿ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತಿದ್ದರು. ಮನೆ ಸುರಪುರದಲ್ಲಿ. ದಿನವೂ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುತ್ತಿದ್ದರು. ಆ ಎರಡು ಊರುಗಳ ನಡುವಿನ ರಸ್ತೆಯಲ್ಲೇ ನಮ್ಮ ಹಳ್ಳಿ. ನಮ್ಮ ಕಾಕಿ, ಎಂದರೆ ಅಪ್ಪನ ತಮ್ಮನ ಹೆಂಡತಿ, ಏಳನೆಯ ತರಗತಿಯೋ ಎಂಟನೆಯದೋ ಓದಿದವಳು, ನಮ್ಮೂರಿಗೆ ಆಶಾ ಆಗಿ ಆಯ್ಕೆಯಾಗಿದ್ದಳು. ತರಬೇತಿಗೆ ಹೋಗುವಾಗ ಸಣ್ಣ ಮಗಳನ್ನು ಕಂಕುಳಲ್ಲಿ ಕಟ್ಟಿಕೊಂಡು ಹೋಗಬೇಕಿತ್ತು. ನಾನು ಶಹಾಪುರದಲ್ಲೇ ಡಿಗ್ರಿ ಓದುತ್ತಿದ್ದೆ. ಕ್ಲಾಸು ಮುಗಿಸಿ ಹೋಗಿ, ತರಬೇತಿಯ ಹಾಲಿನ ಹಿಂದಿನ ಸಾಲಿನಲ್ಲಿ ಕೂತು, ಆ ಕೂಸನ್ನು ಆಡಿಸುವುದು ನನ್ನ ಕೆಲಸ. ಹೀಗೆ ನಾನು ಅಕ್ಕೋರ ಪಾಠ ಕೇಳಿದ್ದೆಲ್ಲ ಅರ್ಧ ಕಿವಿಯಲ್ಲಿ. ಇನ್ನರ್ಧ ಕಿವಿಯನ್ನು ಕೂಸು ಹಿಡಿದು ಎಳೆಯುತ್ತಿತ್ತು.

ಅಕ್ಕೋರು ಪುಸ್ತಕ ಹಿಡಿದು ಪಾಠ ಮಾಡಿದ್ದನ್ನು ನಾನು ನೋಡಿಲ್ಲ. ಅವರ ಪಾಠವೆಂದರೆ ನಾಟಕ. ಹಾಲಿನ ನಡುವೆ ಒಂದು ಕುರ್ಚಿ ಹಾಕಿಸುತ್ತಿದ್ದರು. ಸೆರಗನ್ನು ತಲೆಯ ಮೇಲೆ ಹೊದ್ದು, ಕಾಲು ಅಗಲಿಸಿ ಕೂತು, ಬಾಯಲ್ಲಿ ಇಲ್ಲದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರೆಂದರೆ ಮುಗಿಯಿತು, ಅವರು ಅತ್ತಿ, ಎಂದರೆ ಅತ್ತೆ. ಯಾವ ಮನೆಯಲ್ಲಾದರೂ ಸಿಗಬಹುದಾದ, ಯಾರ ಮಾತನ್ನೂ ಕೇಳದ ಅತ್ತಿ. ಕಲಿಯಲು ಬಂದವರು ಒಬ್ಬೊಬ್ಬರಾಗಿ ಟೇಬಲ್ಲನ್ನೇ ಬಾಗಿಲೆಂದು ತಟ್ಟಿ ಒಳಗೆ ಬರಬೇಕು. ಬಾಣಂತಿಯ ವಿಷಯವನ್ನೋ ಬಸುರಿಯ ವಿಷಯವನ್ನೋ ಹೇಳಿ ಅತ್ತಿಯನ್ನು ಒಪ್ಪಿಸಬೇಕು.

"ಅವ್ವಾರ, ನಮಸ್ಕಾರ್ರಿ. ನಾ ನಿಮ್ಮೂರ ಆಶಾ ಕಾರ್ಯಕರ್ತಿ ಬಂದೀನಿ."

"ಬಂದ್ರ ಬಾ. ಚಪ್ಪಲಿ ಹೊರಗ ಬಿಡು."

"ಬಾಣಂತಿಗೆ ಕುಡ್ಯಾಕ ನೀರು ಕೊಡವಲ್ರಂತ. ಕೊಡಬೇಕ್ರಿ. ಹಾಲು ಇಳೀಬೇಕಂದ್ರ ನೀರು ಬೇಕ್ರಿ."

"ನೀರು ಕುಡದ್ರ ಹೊಟ್ಟಿ ಮುಂದ ಬರತದ. ನಿಮ್ಮತ್ತಿ ನಿನಗ ಭಾಳ ನೀರು ಕೊಟ್ಟಾಳ, ಕಾಣಾಕತ್ತದ."

ಹಾಲ್ ಪೂರ್ತಿ ನಗು. ಬಾಗಿಲಲ್ಲಿ ನಿಂತವಳು ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ತಾನೂ ನಕ್ಕು, ಮಾತು ಮರೆತು ಹೋಗಿ ಕೂರುತ್ತಿದ್ದಳು. ಆಗ ಅಕ್ಕೋರು ಸೆರಗು ಇಳಿಸಿ ಮತ್ತೆ ಅಕ್ಕೋರಾಗುತ್ತಿದ್ದರು. "ನೀ ಹೇಳಿದ್ದೆಲ್ಲ ಖರೇ ಅದವ್ವ. ಆದ್ರ ಬಾಗಿಲಾಗ ನಿಂತು ತಪ್ಪು ಹಿಡದಿ. ಯಾವ ಅತ್ತಿ ಕೇಳ್ತಾಳ? ಮೊದಲ ಕುಂದ್ರು. ಆಕಿ ಹಡದಾಗ ಹೆಂಗಾತು ಅಂತ ಕೇಳು. ಆಕಿಗೆ ಆಗಿದ್ದು ಯಾರೂ ಕೇಳಿರಂಗಿಲ್ಲ. ಹೇಳಿ ಮುಗಸೂತನಕ ಸುಮ್ನಿರು. ಆಮ್ಯಾಲ ಆಕಿಗೆ ಒಂದು ಕೆಲಸಾ ಕೊಡು. ತಂಬಿಗಿ ತುಂಬಿ ನೀವೇ ಕುಡಸ್ರಿ ಅವ್ವಾ, ನಿಮ್ಮ ಕೈಲೇ ಕುಡದ್ರ ಛಲೋ ಅನ್ನು. ಅತ್ತಿ ವೈರಿ ಅಲ್ಲ. ಮನ್ಯಾಗ ಕೂಸು ಬಂದದ, ಆಕಿಗೂ ಒಂದು ಕೆಲಸಾ ಬೇಕು, ಅಷ್ಟ."

ಈ ಅತ್ತಿ ಪಾರ್ಟಿನಲ್ಲಿ ಅವರನ್ನು ಸೋಲಿಸಿದವರು ಕಡಿಮೆ. ಆ ಕಡಿಮೆಯವರಲ್ಲಿ ನಮ್ಮ ಕಾಕಿ ಒಬ್ಬಳು. ಅಕ್ಕೋರು ಏನು ಅಂದರೂ ಅವಳ ಬಳಿ ತಿರುಗಿ ಮಾತು ಇರುತ್ತಿತ್ತು. "ನಾವೇನು ಹಡೀಲಿಲ್ಲೇನು?" ಎಂದು ಅತ್ತಿ ಗದರಿದರೆ, "ನೀವು ಹಡದದ್ದಕ್ಕ ಅಲ್ರಿ ಅವ್ವಾ, ಇವತ್ತು ನಿಮ್ಮ ಮಗಗ ಹೆಣ್ತಿ ಸಿಕ್ಕಾಳ. ಆಕಿನ್ನ ಉಳಸ್ಕೋಬೇಕಲ್ಲ?" ಅನ್ನುತ್ತಿದ್ದಳು. ಅಕ್ಕೋರು ಸೆರಗಿನೊಳಗೇ ನಗುತ್ತಿದ್ದರು.

ಅವರಿಗೆ ಮನೆಯಲ್ಲಿ ಗಟವಾಣಿ ಅತ್ತೆ ಇದ್ದಿರಬೇಕು, ಅದಕ್ಕೇ ಪಾರ್ಟು ಅಷ್ಟು ಚೆನ್ನಾಗಿ ಬರುತ್ತದೆ ಎಂದು ಎಲ್ಲರ ಊಹೆ. ನಾನೇ ಒಮ್ಮೆ ಕೇಳಿದೆ. "ಇಲ್ಲವ್ವ, ನಮ್ಮತ್ತಿ ಬಂಗಾರದಂಥಾಕಿ. ನಾ ಮಾಡೂದು ನಮ್ಮವ್ವನ ಪಾರ್ಟು," ಅಂದರು.

ದಿನದ ಪಾಠ ಮುಗಿಯುವ ಮುಂಚೆ ಎಲ್ಲರೂ ಎದ್ದು ನಿಂತು ಒಂದು ಮಾತನ್ನು ಒಕ್ಕೊರಲಿನಿಂದ ಹೇಳಬೇಕಿತ್ತು. ಬೇರೆ ಕಡೆ ಪ್ರತಿಜ್ಞೆಯೋ ಪ್ರಾರ್ಥನೆಯೋ ಇರುತ್ತದಲ್ಲ, ಹಾಗೆ. ಆ ಮಾತು: "ನನಗ ಗೊತ್ತಿಲ್ರಿ. ಕೇಳಿ ಹೇಳ್ತೀನಿ." ಇದನ್ನು ಹೇಳಲು ನಾಲಿಗೆ ತಿರುಗದವರು ಈ ಕೆಲಸಕ್ಕೆ ಬರಬೇಡಿ ಎನ್ನುತ್ತಿದ್ದರು. ಹಳ್ಳಿಯಲ್ಲಿ ಯಾರಾದರೂ ಬಂದು ಕೇಳಿದಾಗ ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ ಎಂದು ಹೆದರಿ ಏನೋ ಒಂದು ಹೇಳಿಬಿಡುತ್ತೇವೆ, ಆ ಏನೋ ಒಂದು ಯಾವುದಾದರೂ ಕೂಸಿನ ಹೊಟ್ಟೆ ಸೇರುತ್ತದೆ ಎಂದು ಅವರ ವಾದ. ನಾಲಿಗೆ ತಿರುಗಲಿ ಎಂದೇ ದಿನವೂ ಹೇಳಿಸುತ್ತಿದ್ದರು.

ಒಂದು ದಿನ ಮೇಲಿನಿಂದ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಕುರ್ಚಿಯಲ್ಲಿ ಕೂತು, ಕನ್ನಡಕ ಸರಿಪಡಿಸಿಕೊಂಡು, ಏನೋ ಒಂದು ಪ್ರಶ್ನೆ ಕೇಳಿದರು. ಎಂಥ ಪ್ರಶ್ನೆ ಎಂದು ನೆನಪಿಲ್ಲ. ಆಶಾಗಳಿಗೆ ಸಂಬಂಧವಿಲ್ಲದ ಯಾವುದೋ ದೊಡ್ಡ ಕಾಯಿಲೆಯ ವಿಷಯ. ಇಡೀ ಹಾಲ್ ಎದ್ದು ನಿಂತು ಒಂದೇ ದನಿಯಲ್ಲಿ, "ನಮಗ ಗೊತ್ತಿಲ್ರಿ, ಕೇಳಿ ಹೇಳ್ತೀವಿ," ಅಂದಿತು. ಸಾಹೇಬರ ಮುಖ ಕೆಂಪಾಯಿತು.

"ಏನ್ ಕಲಿಸಾಕತ್ತೀರಿ ಸಿಸ್ಟರ್ ಇವರಿಗೆ?"

"ಇದನ್ನ ಸರ್."

ಸಾಹೇಬರು ಆಮೇಲೆ ನಕ್ಕರೋ, ಸಿಟ್ಟಾಗಿಯೇ ಹೋದರೋ? ಕಾಕಿಯ ಪ್ರಕಾರ ನಕ್ಕರು. ನನಗೆ ನೆನಪಿರುವುದು ಅವರು ಚಹಾ ಕುಡಿಯದೆ ಎದ್ದದ್ದು. ಎರಡೂ ನಿಜವಿರಬಹುದು.

ಅಕ್ಕೋರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಒಂದೇ ಸಲ. ಕೆಂಭಾವಿ ಕಡೆಯ ಒಬ್ಬ ಹುಡುಗಿ, ಬಹಳ ಚುರುಕು, ಅತ್ತಿಯನ್ನು ಒಪ್ಪಿಸಲು ಒಂದು ಕತೆ ಕಟ್ಟಿದಳು. ಪಕ್ಕದ ಊರಿನಲ್ಲಿ ಹಿಂಗೇ ದವಾಖಾನೆಗೆ ಹೋಗದೆ ಒಬ್ಬಾಕಿ ಸತ್ತೇ ಹೋದಳು, ಕೂಸೂ ಹೋಯಿತು ಎಂದು ಕಣ್ಣಲ್ಲಿ ನೀರು ತಂದು ಹೇಳಿದಳು. ಅಕ್ಕೋರು ಸೆರಗು ತೆಗೆದರು.

"ಯಾವ ಊರು?"

"ಸುಮ್ಕ ಹೇಳಿದೆ ಅಕ್ಕೋರ. ಅತ್ತಿ ಅಂಜ್ಲಿ ಅಂತ."

"ಅಂಜಿ ಇವತ್ತು ಬರ್ತಾಳ. ನಾಳೆ ಆ ಊರಿಗೆ ಆಕಿ ತಂಗಿನ್ನ ಕೊಟ್ಟಿರ್ತಾರ. ಕೇಳ್ತಾಳ. ಹಂಗೇನೂ ಆಗಿಲ್ಲ ಅಂತ ಗೊತ್ತಾಗ್ತದ. ಮುಂದ ನೀ ಕೂಸಿನ ಲಸಿಕಿಗೆ ಕರದ್ರೂ ಬರಂಗಿಲ್ಲ, ಬೆಂಕಿ ಹತ್ತ್ಯದ ಅಂದ್ರೂ ಬರಂಗಿಲ್ಲ. ಸುಳ್ಳು ಹೇಳಿ ಯಾರನ್ನೂ ದವಾಖಾನಿಗೆ ಕರಕೊಂಡು ಬರಬ್ಯಾಡ್ರಿ. ನಿಮ್ಮ ಚೀಲದಾಗ ಗುಳಿಗಿ ಬಿಟ್ರ ಇರೂದು ನಿಮ್ಮ ಮಾತೊಂದ."

ಆ ಹುಡುಗಿ ಅವತ್ತು ಊಟ ಬಿಟ್ಟಳು. ಸಂಜೆ ಅಕ್ಕೋರೇ ಅವಳಿಗೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕೊಡಿಸಿದರು. ಈ ಸುಳ್ಳಿನ ಪಾಠವನ್ನು ಇಷ್ಟು ವಿವರವಾಗಿ ಬರೆಯಲು ಕಾರಣ ಮುಂದೆ ಬರುತ್ತದೆ.

ಭಜಿ ಅವರ ದೌರ್ಬಲ್ಯ. ಮಧ್ಯಾಹ್ನವೆಲ್ಲ ಉಪ್ಪು ಕಡಿಮೆ ತಿನ್ನಿ, ಎಣ್ಣೆ ಕಡಿಮೆ ಮಾಡಿ ಎಂದು ಹೇಳಿ, ಸಂಜೆ ಬಸ್ಸಿಗೆ ಕಾಯುವಾಗ ಚುರುಮುರಿಯ ಜತೆ ಭಜಿ ಕಟ್ಟಿಸಿಕೊಂಡು, ಉಪ್ಪು ಹಚ್ಚಿದ ಹಸಿಮೆಣಸಿನಕಾಯಿ ಕಡಿಯುತ್ತ ನಿಲ್ಲುತ್ತಿದ್ದರು. ಕಲಿಯುವ ಹೆಂಗಸರು ಕಂಬದ ಮರೆಯಿಂದ ನೋಡಿ ನಗುವರು. ಮರುದಿನ ಬಿ.ಪಿ. ನೋಡುವ ಪಾಠಕ್ಕೆ ತಮ್ಮದೇ ತೋಳು ಕೊಟ್ಟು, ಏರಿದ್ದನ್ನು ತಾವೇ ಎಲ್ಲರಿಗೂ ತೋರಿಸುವರು. "ನೋಡ್ರಿ, ನಿನ್ನಿ ಭಜಿ ಮಾತಾಡಾಕತ್ತದ."

ಆ ಮಿಷನ್ ಅವರದೇ. ಉದ್ದನೆಯ ಡಬ್ಬಿ, ಒಳಗೆ ಗಾಜಿನ ಕೊಳವೆಯಲ್ಲಿ ಪಾದರಸ. ಅದಕ್ಕೆ ಅವರು ಪಾರಾ ಎನ್ನುತ್ತಿದ್ದರು. ಆಶಾಗಳು ಬಿ.ಪಿ. ನೋಡಬೇಕೆಂದು ಆಗಿನ ಪಾಠದಲ್ಲಿ ಇರಲಿಲ್ಲ, ಅವರೇ ತೋರಿಸುತ್ತಿದ್ದರು. ಪಟ್ಟಿ ಕಟ್ಟಿದ ಕೂಡಲೇ ತುಟಿಯ ಮೇಲೆ ಬೆರಳು. "ಈಗ ಯಾರೂ ಮಾತಾಡಂಗಿಲ್ಲ. ಮಾತಾಡಿದ್ರ ಪಾರಾ ಏರತದ." ಇಡೀ ಹಾಲ್ ಉಸಿರು ಹಿಡಿಯುತ್ತಿತ್ತು. ನನ್ನ ಮಡಿಲಿನ ಕೂಸು ಕೂಡ.

ಇನ್ನೊಂದು ಸಂಗತಿ. ಕೂಸಿನ ಹೊಕ್ಕುಳಕ್ಕೆ ನೀಲಿ ಔಷಧ ಹಚ್ಚಬೇಕು ಎಂದು ಅವರು ನರ್ಸ್ ಆಗಿದ್ದಾಗ ಕಲಿತಿದ್ದರಂತೆ. ಮೊದಲ ತಂಡಗಳಿಗೆ ಅದನ್ನೇ ಕಲಿಸಿದರು. ಆಮೇಲೆ ಏನೂ ಹಚ್ಚಬಾರದು, ಒಣಗಲು ಬಿಡಬೇಕು ಎಂದು ಹೊಸ ಸೂಚನೆ ಬಂತು. ಮುಂದಿನ ತಂಡಕ್ಕೆ ಸರಿಯಾಗಿ ಕಲಿಸಿದರೆ ಸಾಕಿತ್ತು. ಇವರು ಹೋದ ತಂಡದವರನ್ನು ಹುಡುಕಿಕೊಂಡು ಹೊರಟರು. ಊರೂರಿಗೆ ಹೋಗಲಾದೀತೇ? ಸಂತೆಗೆ ಹೋದರು. ಕೆಂಭಾವಿ ಸಂತೆಗೆ ಸುತ್ತಲಿನ ಹಳ್ಳಿಯವರೆಲ್ಲ ಬಂದೇ ಬರುತ್ತಾರಲ್ಲ. ಉಳ್ಳಾಗಡ್ಡಿ ರಾಶಿಯ ಪಕ್ಕ ನಿಂತು, ಗುರುತು ಸಿಕ್ಕವರನ್ನೆಲ್ಲ ಕೈ ಮಾಡಿ ಕರೆದು, "ನಾ ತಪ್ಪು ಹೇಳಿದ್ದೆವ್ವ. ನೀಲಿ ಔಷಧ ಬ್ಯಾಡ, ಹೊಕ್ಕಳಕ್ಕ ಏನೂ ಹಚ್ಚಬ್ಯಾಡ್ರಿ," ಎಂದು ಹೇಳಿದರಂತೆ. ಕೇಳಿ ಕೇಳಿ ಉಳ್ಳಾಗಡ್ಡಿ ಮಾರುವವನಿಗೇ ಬಾಯಿಪಾಠವಾಗಿ, ಅಕ್ಕೋರು ಚಹಾಕ್ಕೆ ಹೋದಾಗ ಅವನೇ ಹೇಳಲು ಶುರುಮಾಡಿದನಂತೆ. ಇದು ನಾನು ಕಂಡದ್ದಲ್ಲ, ಕಾಕಿ ಹೇಳಿದ್ದು. ಉಳ್ಳಾಗಡ್ಡಿಯವನ ಭಾಗವನ್ನು ಕಾಕಿ ಸ್ವಲ್ಪ ಬೆಳೆಸಿರಬಹುದು.

ಬಳೆಗಾರ ಚಾಚಾನನ್ನು ಅವರು ಕೆಲಸಕ್ಕೆ ಹಚ್ಚಿದ್ದನ್ನು ಮಾತ್ರ ನಾನೇ ನೋಡಿದ್ದೇನೆ. ಚಾಚಾ ನಮ್ಮ ಸುತ್ತಲಿನ ಹಳ್ಳಿಗಳಿಗೆ ಬಳೆಯ ಮಲಾರ ಹೊತ್ತು ಬರುತ್ತಿದ್ದ ಮುದುಕ. ಯಾವ ಮನೆಯ ಹೆಂಗಸಿನ ಕೈ ಯಾವ ಅಳತೆ ಎಂದು ಅವನಿಗೆ ಗೊತ್ತಿತ್ತು. ಬಸುರಿಯ ಕಾಲು ಸಂಜೆ ಹೊತ್ತಿಗೆ ಬಾಯುವುದು ಮಾಮೂಲು, ಆದರೆ ಬೆಳಿಗ್ಗೆ ಎದ್ದಾಗಲೇ ಮುಖ, ಕೈ ಬಾತಿದ್ದರೆ ಬಿ.ಪಿ. ಏರಿರಬಹುದು ಎಂದು ಅಕ್ಕೋರ ಪಾಠ. ಅದಕ್ಕೆ ತಲೆನೋವು ಕೂಡಿದರೆ, ಕಣ್ಣು ಮಂಜಾದರೆ, ಮಿಂಚಿದಂತಾದರೆ ಒಂದು ಗಳಿಗೆಯೂ ಕೂರಬಾರದು. ಬಸುರಿಯ ಕೈ ಹಿಡಿದು ನೋಡುವ ಗಂಡಸು ಊರಲ್ಲಿ ಯಾರಿದ್ದಾನೆ? ಬಳೆಗಾರನೊಬ್ಬನೇ. ಅಕ್ಕೋರು ಚಾಚಾನನ್ನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರಿಸಿ, ಬಸುರಿಯ ಬಳೆಯ ಅಳತೆ ಒಮ್ಮೆಲೇ ಏರಿದರೆ ಆ ಊರಿನ ಆಶಾಗೆ ಹೇಳು ಎಂದು ಒಪ್ಪಿಸಿದರು.

ಚಾಚಾ ಹುರುಪಿನಿಂದ ಹೇಳತೊಡಗಿದ. ದಪ್ಪ ಕೈಯವರನ್ನೆಲ್ಲ ಹೇಳಿದ. ಬಸುರಿ ಅಲ್ಲದವರನ್ನೂ ಹೇಳಿದ. ಗೌಡರ ಮನೆಯ ಅಜ್ಜಿಯನ್ನು ಕೂಡ ಹೇಳಿದ. ಆಶಾಗಳು ಬಂದು ಅಕ್ಕೋರ ಮುಂದೆ ಗೊಣಗಿದರೆ ಅವರದು ಒಂದೇ ಮಾತು: "ತಪ್ಪಾದ್ರ ಆಗ್ಲಿ ಬಿಡ್ರೆವ್ವ. ಬಿ.ಪಿ. ನೋಡಿದ್ರ ತೋಳೇನು ಸವೀತದೇನು?"

ಈಗ ಹೋಳಿಗೆಯ ದಿನಕ್ಕೆ ಬರುತ್ತೇನೆ.

ಅವತ್ತು ನಮ್ಮ ಮನೆಯಲ್ಲಿ ಚಿಗವ್ವನ ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬಸ. ಚಿಗವ್ವ ಎಂದರೆ ಎಲ್ಲರಿಗಿಂತ ಸಣ್ಣ ಕಾಕಾನ ಹೆಂಡತಿ, ನಮ್ಮ ಕಾಕಿಗೆ ನೆಗೆಣ್ಣಿ. ಚೊಚ್ಚಲ ಬಸುರಿ. ನನಗಿಂತ ಹೆಚ್ಚು ದೊಡ್ಡವಳೇನಲ್ಲ. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮುತ್ತೈದೆಯರು ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿಣದ ಬೇರು ಹಾಕಿ ಉಡಿ ತುಂಬುವುದು ಪದ್ಧತಿ. ಯಜಮಾನಿಕೆಯೆಲ್ಲ ಆಯಿಯದು. ಆಯಿ ನನ್ನ ಅಜ್ಜಿ. ಕಾಕಿಗೂ ಚಿಗವ್ವನಿಗೂ ಅತ್ತೆ. ಒಲೆಯ ಮೇಲೆ ಹೂರಣ, ಪಡಸಾಲೆಯಲ್ಲಿ ಜಮಖಾನೆ, ಅಂಗಳದಲ್ಲಿ ಮುತ್ಯಾನ, ಎಂದರೆ ನಮ್ಮ ಅಜ್ಜನ, ಸುತ್ತ ಗಂಡಸರು.

ಬೆಳಿಗ್ಗೆ ಚಾಚಾ ಬಂದು ಚಿಗವ್ವನ ಕೈ ಹಿಡಿದ. ಬಳೆ ಬೆರಳಿನ ಗೆಣ್ಣಿನ ಹತ್ತಿರವೇ ನಿಂತಿತು. ಇನ್ನೊಂದು ಅಳತೆ ತೆಗೆದ. ಅದೂ ನಿಂತಿತು. ಚಾಚಾ ಯಾವತ್ತೂ ದೊಡ್ಡ ದನಿಯವನು, ಅವತ್ತು ಕಾಕಿಯನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದ.

"ಬೇಟಿ, ಪಂಚಮಿಗೆ ಎರಡೂಕಾಲಿನ ಬಳಿ ಇಟ್ಟೀನಿ ಇಕಿಗೆ. ಇವತ್ತು ಎರಡೂಮುಕ್ಕಾಲಿಂದೂ ಏರವಲ್ದು. ಈ ಸಲ ತಪ್ಪಲ್ಲ ನೋಡು."

ಕಾಕಿ ಚಿಗವ್ವನ ಗಲ್ಲ ಹಿಡಿದು ಮುಖ ನೋಡಿದಳು. ತಲೆ ನೋಯುತ್ತದೆಯೇ ಎಂದು ಕೇಳಿದಳು. "ನಿನ್ನಿಂದ ಸಿಡ್ಯಾಕತ್ತದ ಅಕ್ಕ. ಕಣ್ಣ ಮುಂದ ಮಿಂಚು ಹೊಡದಂಗ ಆಗ್ತದ. ಹಬ್ಬದ ಮನಿ, ಹೆಂಗ ಹೇಳ್ಲಿ ಅಂತ ಸುಮ್ನಿದ್ದೆ," ಅಂದಳು ಚಿಗವ್ವ.

ಕಾಕಿ ಒಲೆಯ ಮುಂದಿದ್ದ ಆಯಿಯ ಬಳಿ ಹೋದಳು. ಪಾಠದ ಹಾಲಿನಲ್ಲಿ ಅತ್ತಿಯನ್ನು ಎಷ್ಟೋ ಸಲ ಸೋಲಿಸಿದವಳು. ನಾನು ಹಿಂದೆಯೇ ಇದ್ದೆ. ಕಾಕಿ ಎರಡೂ ಕೈ ಜೋಡಿಸಿ, ದಿನವೂ ಒಟ್ಟಿಗೆ ರೊಟ್ಟಿ ಬಡಿಯುವ ತನ್ನ ಸ್ವಂತ ಅತ್ತೆಗೆ ಹೇಳಿದಳು: "ಅವ್ವಾರ, ನಮಸ್ಕಾರ್ರಿ. ನಾ ನಿಮ್ಮೂರ ಆಶಾ ಕಾರ್ಯಕರ್ತಿ ಬಂದೀನಿ."

ಆಯಿ ಹೂರಣದ ಕೈಯಲ್ಲೇ ತಿರುಗಿದಳು. "ಇಕಿಗೇನಾತು? ಮುಂಜಾನಿಂದ ಉಪಾಸ ಅದಾಳೇನು?"

"ಅಲ್ಲತ್ತಿ, ಆಕಿ ಕೈ ಬಾತಾವ. ಜಲ್ದಿ ದವಾಖಾನಿಗೆ..."

"ಬಸರಿ ಕೈ ಬಾಯಲಾರದ ಕಟಗಿ ಆಗ್ತಾವೇನು? ಮಂದಿ ಬಂದು ಕುಂತಾರ. ಉಡಿ ತುಂಬ್ಲಿ, ಊಟ ಆಗ್ಲಿ, ಸಂಜಿಗೆ ಕರಕೊಂಡು ಹೋಗು."

ನನಗೆ ನಗು ಬಂದಿತ್ತು. ಕಾಕಿಯ ಮುಖ ನೋಡಿ ನಗು ಇಂಗಿತು. ಅವಳು ಹಿತ್ತಿಲಿಗೆ ಹೋಗಿ ಅಕ್ಕೋರಿಗೆ ಫೋನ್ ಹಚ್ಚಿದಳು. ಫೋನಿನ ಆಚೆಯ ದನಿ ನನಗೂ ಕೇಳುತ್ತಿತ್ತು, ಬಸ್ಸಿನ ಗದ್ದಲದ ಜತೆ.

"ಅಕ್ಕೋರ, ನನಗ ಬಾಯಿ ಬರವಲ್ದು."

"ಬಾಯಿ ಹಂಗಿರ್ಲಿ. ಕಣ್ಣ ಮುಂದ ಮಿಂಚು ಅಂದ್ಲೇನು?"

"ಅಂದ್ಳ್ರಿ."

"ಮೊದಲ ಆಂಬುಲೆನ್ಸಿಗೆ ಫೋನ್ ಹಚ್ಚು. ನಾ ಬಸ್ಸಿನ್ಯಾಗ ಅದೀನಿ, ನಿಮ್ಮೂರ ಕ್ರಾಸಿಗೆ ಇಳೀತೀನಿ."

ಅಕ್ಕೋರು ಬಂದಾಗ ಪಡಸಾಲೆಯಲ್ಲಿ ಸೋಬಾನೆ ಹಾಡು ಶುರುವಾಗಿತ್ತು. ಚಿಗವ್ವ ಮಣೆಯ ಮೇಲೆ ಕೂತಿದ್ದಳು. ಅಕ್ಕೋರ ಬಗಲಲ್ಲಿ ಮಿಷನ್ ಡಬ್ಬಿ, ಕೈಯಲ್ಲಿ ವಾಚು, ಬಳೆ ಇಲ್ಲ. ಆಯಿ ಹೊಸ್ತಿಲಲ್ಲಿ ಅಡ್ಡ ನಿಂತಳು. ದವಾಖಾನೆಯವರು ಎಂದು ಕಾಕಿ ಹೇಳಿದರೂ ಆಯಿಯ ಕಣ್ಣು ಆ ಬರಿಗೈಯ ಮೇಲೆ. ಕುಬಸಕ್ಕೆ ಕೂತ ಚೊಚ್ಚಲ ಬಸುರಿಯನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬ ಲೆಕ್ಕ ಆಯಿಗೆ ಉಸಿರಾಟದಷ್ಟು ಸಹಜ. ಅದು ಕ್ರೂರವೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ನನಗಾದರೂ ಆಗ ಅನ್ನಿಸಿತ್ತೇ? ಹೇಳಲಾರೆ.

"ತಪ್ಪು ತಿಳೀಬ್ಯಾಡ್ರಿ ತಾಯಿ," ಅಂದಳು ಆಯಿ. "ಕೈಯಾಗ ಬಳಿ ಇಲ್ಲ. ನೀವು ಮುತ್ತೈದಿ ಹೌದಲ್ರಿ?"

ಹಾಡು ನಿಂತಿತು. ಅಥವಾ ನಿಂತಂತೆ ನನಗೆ ನೆನಪು.

"ಹೌದ್ರಿ ಅವ್ವಾ," ಅಂದರು ಅಕ್ಕೋರು. "ಡೂಟಿ ಮ್ಯಾಲ ಬಳಿ ಇಟ್ಕೊಳ್ಳಂಗಿಲ್ಲ."

ಆಯಿ ಸರಿದು ನಿಂತಳು. ಅಷ್ಟೇ ಅಲ್ಲ, ಮುಖ ಅರಳಿಸಿ, "ಹಂಗಾರ ನೀವೂ ಒಂದು ಉಡಿ ತುಂಬ್ರಿ," ಅಂದಳು. "ತುಂಬೋಣಂತ. ಮೊದಲ ಇದು," ಎಂದು ಅಕ್ಕೋರು ಜಮಖಾನೆಯ ಮೇಲೆ ಡಬ್ಬಿ ಬಿಚ್ಚಿದರು. ಚಿಗವ್ವನ ತೋಳಿಗೆ ಪಟ್ಟಿ ಸುತ್ತಿ, ತುಟಿಯ ಮೇಲೆ ಬೆರಳಿಟ್ಟರು. "ಯಾರೂ ಮಾತಾಡಬ್ಯಾಡ್ರಿ. ಪಾರಾ ಏರತದ." ಅಷ್ಟು ಹೆಂಗಸರು ಕೂತ ಪಡಸಾಲೆ ಅಷ್ಟು ಸುಮ್ಮನಿದ್ದುದನ್ನು ನಾನು ಮತ್ತೆ ಕಂಡಿಲ್ಲ. ಒಳಗಿನಿಂದ ಹೋಳಿಗೆ ಸೀಯುವ ವಾಸನೆ ಬಂದರೂ ಯಾರೂ ಏಳಲಿಲ್ಲ.

ಯಾರೂ ಮಾತಾಡದಿದ್ದರೂ ಪಾರಾ ಬಹಳ ಮೇಲೆ ಹೋಗಿತ್ತು. ಅಕ್ಕೋರು ಇನ್ನೊಮ್ಮೆ ನೋಡಿ ಪಟ್ಟಿ ಬಿಚ್ಚಿದರು. ಈಗ ಅವರೇ ಆಯಿಗೆ ಹೇಳುತ್ತಾರೆ ಎಂದುಕೊಂಡೆವು. ಅವರು ಕಾಕಿಯ ಕಡೆ ತಿರುಗಿ, "ಹೇಳು. ಇದು ನಿನ್ನ ಮನಿ," ಅಂದರು.

ಕಾಕಿ ಆಯಿಯ ಮುಂದೆ ಕೂತಳು. ಈ ಸಲ ಕೈ ಮುಗಿಯಲಿಲ್ಲ. "ಅತ್ತಿ, ಬಿ.ಪಿ. ಭಾಳ ಏರ್ಯದ. ಈಗ ಹೋಗ್ಲಿಕ್ಕೆ ಬೇಕು. ಗಾಡಿ ಬರಾಕತ್ತದ. ನೀವು ಆಕಿ ಬಾಜೂಕ ಕುಂದರ್ರಿ, ನೀವಿದ್ರ ಆಕಿ ಅಂಜಂಗಿಲ್ಲ. ಉಡಿ ಸಾಮಾನೆಲ್ಲ ಚೀಲದಾಗ ಹಾಕ್ಕೊರ್ರಿ. ಅಲ್ಲೇ ತುಂಬೋಣು."

ಆಯಿ ಕಾಕಿಯ ಮುಖ ನೋಡಿದಳು, ಚಿಗವ್ವನ ಬಾತ ಕೈ ನೋಡಿದಳು, ಅಕ್ಕೋರ ಮುಖ ನೋಡಿದಳು. ಆಮೇಲೆ ಎದ್ದು, "ಕೊಬ್ಬರಿ ಬಟ್ಟಲಾ ಯಾರು ಎಲ್ಲಿ ಇಟ್ಟೀರಿ?" ಎಂದು ಗದರಿದಳು. ಕೆಲಸ ಸಿಕ್ಕಿತ್ತು.

ಶಹಾಪುರದಲ್ಲಿ ಔಷಧಿ ಕೊಟ್ಟು ಯಾದಗಿರಿಯ ದೊಡ್ಡ ದವಾಖಾನೆಗೆ ಕಳಿಸಿದರು. ನಾನು ಮರುದಿನ ಹೋದೆ. ವಾರ್ಡಿನ ಮಂಚದ ಮೇಲೆ, ಒಂದು ಕೈಗೆ ಸಲಾಯಿನ್ ಹಾಕಿಸಿಕೊಂಡ ಚಿಗವ್ವನಿಗೆ ಆಯಿ ಉಡಿ ತುಂಬಿಸುತ್ತಿದ್ದಳು. ಅಕ್ಕಪಕ್ಕದ ಮಂಚದ ಬಸುರಿಯರು, ಅವರ ತಾಯಂದಿರು, ಗುರುಮಠಕಲ್ ಕಡೆಯ ಒಬ್ಬ ತೆಲುಗಿನ ಮುದುಕಿ, ಎಲ್ಲರೂ ಸೇರಿದ್ದರು. ಮುದುಕಿ ತೆಲುಗಿನಲ್ಲಿ ಹಾಡಿದಳು, ಆಯಿ ಕನ್ನಡದಲ್ಲಿ ಉತ್ತರ ಕೊಟ್ಟಳು. ಡೂಟಿಯ ನರ್ಸು ಬಂದು ಸದ್ದು ಮಾಡಬೇಡಿ ಎಂದು ಗದರಿ, ತಾನೂ ಒಂದು ಉತ್ತತ್ತಿ ಬಾಯಿಗೆ ಹಾಕಿಕೊಂಡು ಹೋದಳು. ಅವಧಿಗೆ ಮುಂಚೆಯೇ ಕೂಸು ಹುಟ್ಟಿತು. ಹೆಣ್ಣು, ಅಂಗೈಯಷ್ಟು. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಈಗ ಅವಳು ನನಗಿಂತ ಎತ್ತರ.

ಉಡಿ ತುಂಬಿದ ಆ ದಿನ ಅಕ್ಕೋರೂ ವಾರ್ಡಿಗೆ ಬಂದಿದ್ದರು. ಆಯಿ ಅಕ್ಕಿಯ ತಟ್ಟೆ ಹಿಡಿದು, "ನೀವೂ ತುಂಬ್ರಿ ತಾಯಿ, ಮಾತು ಕೊಟ್ಟೀರಿ," ಅಂದಳು. ಇಲ್ಲಿಂದ ನನ್ನ ನೆನಪೂ ಕಾಕಿಯ ನೆನಪೂ ಬೇರೆಯಾಗುತ್ತವೆ. ಅಕ್ಕೋರು ಚಿಗವ್ವನ ತಲೆ ಸವರಿ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟೇಬಿಟ್ಟರು, ತಟ್ಟೆಯನ್ನು ಮುಟ್ಟಲಿಲ್ಲ ಎಂದು ನನ್ನ ನೆನಪು. ಇಲ್ಲ, ಒಂದು ಹಿಡಿ ಅಕ್ಕಿ ಹಾಕಿಯೇ ಹೋದರು ಎನ್ನುತ್ತಾಳೆ ಕಾಕಿ. ಚಿಗವ್ವನನ್ನು ಕೇಳಿದರೆ, "ನನಗ ಎಚ್ಚರ ಎಲ್ಲಿತ್ತವ್ವ?" ಎಂದು ನಗುತ್ತಾಳೆ. ಆಯಿ ಈಗಿಲ್ಲ.

ಮತ್ತೆ ಪಾಠ ಶುರುವಾದ ದಿನ ಅಕ್ಕೋರು ಕಾಕಿಯನ್ನು ಎಲ್ಲರ ಮುಂದೆ ನಿಲ್ಲಿಸಿ, ಅವಳು ಸ್ವಂತ ಅತ್ತೆಗೆ ಕೈ ಮುಗಿದು ನಮಸ್ಕಾರ ಹೇಳಿದ್ದನ್ನು ಅಭಿನಯಿಸಿ ತೋರಿಸಿದರು. ಹಾಲ್ ನಕ್ಕು ಸುಸ್ತಾಯಿತು. ಕೊನೆಗೆ, "ನಗ್ರಿ. ಆದ್ರ ಇಕಿ ಎರಡನೇ ಸಲ ಹೋದ್ಳು ನೋಡ್ರಿ. ಒಮ್ಮಿ ಬಾಯಿ ಬಿದ್ದ ಮ್ಯಾಲ ಮತ್ತ ಹೋಗೂದದಲ್ಲ, ಅದು ನನಗ ಕಲಸಾಕ ಬರಂಗಿಲ್ಲ," ಅಂದರು. ಅವರ ಪಾಠದಲ್ಲಿ ಆ ದಿನದ ಎಲ್ಲವೂ ಸೇರಿತು. ಹೊಸ್ತಿಲಲ್ಲಿ ಆಯಿ ಕೇಳಿದ ಪ್ರಶ್ನೆಯೊಂದು ಮಾತ್ರ ಸೇರಲಿಲ್ಲ.

ಹೋದ ತಿಂಗಳು ಕಾಕಿ ಅಕ್ಕೋರ ಮಣ್ಣಿಗೆಂದು ಸುರಪುರಕ್ಕೆ ಹೋಗಿ ಬಂದಳು. ಸುತ್ತಲಿನ ಊರುಗಳಿಂದ ಆಶಾಗಳು ಗುಲಾಬಿ ಸೀರೆ ಉಟ್ಟು ಬಂದಿದ್ದರಂತೆ. ಓಣಿ ತುಂಬಿತ್ತಂತೆ. ಕೆಂಭಾವಿಯ ಆ ಚುರುಕು ಹುಡುಗಿಯೂ ಬಂದಿದ್ದಳಂತೆ. ಈಗ ಅವಳೇ ಬೇರೆಯವರಿಗೆ ಕಲಿಸುತ್ತಾಳೆ, ಅವಳೇ ಅತ್ತಿ. ಇದನ್ನೆಲ್ಲ ಹೇಳುತ್ತ ಕಾಕಿ ನಡುವೆ ಒಂದು ಮಾತು ಅಂದಳು: "ಗ್ವಾಡಿ ಮ್ಯಾಲ ಗಂಡನ ಫೋಟೊ ಇತ್ತು. ಮಾಲಿ ಹಾಕ್ಯಾರ. ಹರೇದ ಹುಡುಗ ಇದ್ದಂಗ ಅದಾನ ನೋಡು."

ಹರೆಯದ ಫೋಟೊ ಎಂದ ಮಾತ್ರಕ್ಕೆ ಹರೆಯದಲ್ಲೇ ಹೋದರು ಎಂದಲ್ಲ. ಮುದುಕರಾಗಿ ಸತ್ತವರಿಗೂ ಮದುವೆಯ ಕಾಲದ ಫೋಟೊ ಹಾಕುವುದುಂಟು. ಇತಿಹಾಸ ಓದಿದವಳಿಗೆ ಇಷ್ಟು ಗೊತ್ತಿರಬೇಕು, ಗೊತ್ತಿದೆ. ಆದರೂ ಆ ಫೋಟೊ ನನ್ನನ್ನು ಬಿಡಲಿಲ್ಲ. ಸುಳ್ಳು ಹೇಳಿ ಯಾರನ್ನೂ ದವಾಖಾನೆಗೆ ಕರೆತರಬೇಡಿ ಎಂದವರು ಅವರೇ. ಅವತ್ತು ಹೊಸ್ತಿಲಲ್ಲಿ 'ಹೌದ್ರಿ' ಅನ್ನದೆ 'ಇಲ್ರಿ' ಅಂದಿದ್ದರೆ, ಆಯಿಯನ್ನು ನಾನು ಬಲ್ಲೆ, ಆ ಪಟ್ಟಿ ಚಿಗವ್ವನ ತೋಳಿಗೆ ಬೀಳುವಷ್ಟರಲ್ಲಿ ಊಟ ಮುಗಿದಿರುತ್ತಿತ್ತು. ಆದರೆ ಅವರು ಹೇಳಿದ್ದು ನಿಜವೇ ಆಗಿದ್ದರೆ? ಹಾಗಾದರೆ ಇಷ್ಟು ದಿನ ನಾನು ಸುಮ್ಮನೆ ಒಬ್ಬರ ಗಂಡನನ್ನು ಮನಸ್ಸಿನಲ್ಲಿ ಬೇಗ ಸಾಯಿಸಿದ್ದೇನೆ.

ಈ ವಾರ ಊರಿಗೆ ಹೋದಾಗ ಕಾಕಿಯನ್ನೇ ಕೇಳಿದೆ. ಮನೆಗೆ ಬಂದವರ ಬಿ.ಪಿ. ನೋಡದೆ ಅವಳು ಚಹಾ ಕೊಡುವುದಿಲ್ಲ. ಈಗ ಅವಳ ಚೀಲದಲ್ಲಿ ಗುಂಡಿ ಒತ್ತಿದರೆ ತಾನೇ ಉಬ್ಬುವ ಮಿಷನ್ ಇದೆ. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ತೋಳಿಗೆ ಪಟ್ಟಿ ಸುತ್ತುತ್ತಿದ್ದಳು.

"ಕಾಕಿ, ಅವತ್ತು ಆಯಿ ಕೇಳಿದಾಗ ಅಕ್ಕೋರು ಹೌದ್ರಿ ಅಂದ್ರಲ್ಲ, ಆಗ ಅವರ ಗಂಡ ಇದ್ರೇನು?"

ಕಾಕಿ ಪಟ್ಟಿಯನ್ನು ಇನ್ನಷ್ಟು ಸರಿಪಡಿಸಿ ಗುಂಡಿ ಒತ್ತಿದಳು. ತುಟಿಯ ಮೇಲೆ ಬೆರಳಿಟ್ಟಳು.

"ಮಾತಾಡಬ್ಯಾಡ. ಪಾರಾ ಏರತದ."

ಈ ಮಿಷನ್ನಿನಲ್ಲಿ ಪಾರಾ ಇಲ್ಲವೇ ಇಲ್ಲ. ಪಟ್ಟಿ ಉಬ್ಬಿ, ತೋಳನ್ನು ಬಿಗಿದು, ಮೆಲ್ಲಗೆ ಇಳಿಯಿತು. "ಛಲೋ ಅದ," ಅಂದಳು ಕಾಕಿ. ಪಟ್ಟಿ ಸುತ್ತಿ, ಮಿಷನ್ನನ್ನು ಚೀಲಕ್ಕೆ ಹಾಕಿ, ಚಹಾಕ್ಕೆ ಇಡಲು ಒಳಗೆ ಹೋದಳು. ನಾನು ತೋಳು ಇಳಿಸದೆ ಹಾಗೆಯೇ ಕಾಯುತ್ತ ಕೂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅವಳ ದನಿ ಬಂತು.

"ಸಕ್ರಿ ಕಡಿಮಿ ಹಾಕ್ಲೇನು?"